ಯಾವ ಬ್ರೌಸರ್‌ಗೆ ಎಲೆ ಹಾಕಬೇಕು?

ಕಂಪನಿಯ ಹೊಸ ವೆಬ್‌ಸೈಟ್ ಯಾವ ಯಾವ ಬ್ರೌಸರ್‌ಗಳಲ್ಲಿ ಸರಿಯಾಗಿ ಕಾಣಬೇಕು ಎಂಬ ಪ್ರಶ್ನೆ ಮೀಟಿಂಗಿನಲ್ಲಿ ಎದ್ದರೆ ಮೊದಲ ಉತ್ತರ ಬರುವುದು ಮಾರ್ಕೆಟಿಂಗ್‌ನವರಿಂದ: “ಎಲ್ಲದರಲ್ಲೂ ಕಾಣಬೇಕಪ್ಪ, ಕೇಳೋದೇನಿದೆ?” ಔದಾರ್ಯ ಯಾವಾಗಲೂ ಕೆಲಸ ಮಾಡಬೇಕಾಗಿಲ್ಲದವರ ಬಾಯಿಂದಲೇ ಮೊದಲು ಹೊರಡುತ್ತದೆ. ಟೆಸ್ಟಿಂಗ್ ಹುಡುಗಿ ತಲೆ ಎತ್ತುವುದಿಲ್ಲ; ಎಲ್ಲ ಎಂದರೆ ಎಷ್ಟು ಫೋನು, ಎಷ್ಟು ಆವೃತ್ತಿ, ಎಷ್ಟು ಶನಿವಾರ ಎಂದು ಅವಳು ಆಗಲೇ ಗುಣಿಸುತ್ತಿರುತ್ತಾಳೆ. ಅಕೌಂಟ್ಸ್‌ನವರು “ಜಾಸ್ತಿ ಜನ ಬಳಸೋದು ಯಾವುದೋ ಅದೊಂದಕ್ಕೆ ಮಾಡಿ, ಸಾಕು” ಎನ್ನುತ್ತಾರೆ. ಎರಡನೇ ಸುತ್ತಿನ ಟೀ ಬರುವ ಹೊತ್ತಿಗೆ ಕ್ರೋಮ್, ಎಡ್ಜ್, ಸಫಾರಿ, ಫೈರ್‌ಫಾಕ್ಸ್‌ಗಳ ಈಚಿನ ಎರಡೆರಡು ಆವೃತ್ತಿ ಎಂಬ ಪಟ್ಟಿ ತಯಾರಾಗಿರುತ್ತದೆ. ಅದರ ಕಟ್ಟಕಡೆಯಲ್ಲಿ, ಯಾವ ತರ್ಕಕ್ಕೂ ಸಿಗದ ಹಾಗೆ, ಹಳೇ ಐಪ್ಯಾಡ್ ಒಂದು ಸೇರಿಕೊಂಡಿರುತ್ತದೆ. ಎಂ.ಡಿ.ಯವರ ಮಾವನವರು ಕಂಪನಿಯ ಸೈಟು ನೋಡುವುದು ಅದರಲ್ಲೇ. ಎಲ್ಲರೂ ಒಳಗೊಳಗೇ ನಗುತ್ತಾರೆ. ನನ್ನನ್ನು ಕೇಳಿದರೆ ಇಡೀ ಪಟ್ಟಿಯಲ್ಲಿ ಬುದ್ಧಿವಂತಿಕೆಯ ಸಾಲು ಅದೊಂದೇ. ಉಳಿದ ಕಡೆ ಇರುವುದು ಬರೀ ಬ್ರೌಸರಿನ ಹೆಸರು; ಅಲ್ಲಿ ಮಾತ್ರ ಒಬ್ಬರು ಯಜಮಾನರು ಕಾಣುತ್ತಾರೆ, ಅವರಿಗೆ ಆ ಸೈಟಿನಿಂದ ಆಗಬೇಕಾದ ಕೆಲಸವೂ ಕಾಣುತ್ತದೆ.

ಹೆಸರು ನೋಡಿ ಒಳಗೆ ಬಿಡುವ ಪದ್ಧತಿ ಬ್ರೌಸರ್‌ಗಳಿಗೆ ಚೆನ್ನಾಗಿ ಕಲಿಸಿರುವುದು ಸುಳ್ಳು ಹೇಳುವುದನ್ನು. ಯಾವುದೇ ಸೈಟಿನ ಬಾಗಿಲಿಗೆ ಹೋದಾಗ ಬ್ರೌಸರ್ ಒಂದು ಸಾಲಿನಲ್ಲಿ ತನ್ನ ಪ್ರವರ ಒಪ್ಪಿಸಬೇಕು. ಇಂದಿನ ಕ್ರೋಮ್ ಒಪ್ಪಿಸುವುದು ಹೀಗೆ: ಮೊಜಿಲಾ 5.0, ಆಪಲ್‌ವೆಬ್‌ಕಿಟ್ 537.36, ಕೆಎಚ್‌ಟಿಎಂಎಲ್, ಗೆಕ್ಕೋ ಇದ್ದ ಹಾಗೆ, ಕ್ರೋಮ್ ಇಂತಿಷ್ಟು, ಸಫಾರಿ 537.36. ಇಷ್ಟುದ್ದದಲ್ಲಿ ಅದರ ಸ್ವಂತ ಹೆಸರು ಒಂದೇ. 1990ರ ದಶಕದ ನಡುವಿನಲ್ಲಿ ನೆಟ್‌ಸ್ಕೇಪ್ ತನ್ನನ್ನು ಮೊಜಿಲಾ ಎಂದು ಹೇಳಿಕೊಳ್ಳುತ್ತಿತ್ತು. ಪುಟವನ್ನು ಚೌಕಚೌಕವಾಗಿ ಒಡೆದು ತೋರಿಸುವ ಫ್ರೇಮ್ ವಿದ್ಯೆ ಅದಕ್ಕೆ ಗೊತ್ತಿತ್ತು. ಮೊಜಿಲಾ ಬಂದರೆ ಒಳ್ಳೆಯ ಪುಟ ಕೊಡು, ಮಿಕ್ಕವರಿಗೆ ಬೋಳು ಪುಟ ಸಾಕು ಎಂದು ಸೈಟುಗಳು ಬರೆದಿಟ್ಟವು. ಅದೇ ವಿದ್ಯೆ ಕಲಿತು ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೂ ಬೋಳು ಪುಟವೇ ಸಿಕ್ಕಾಗ ಅದು “ನಾನೂ ಮೊಜಿಲಾನೇ” ಎಂದಿತು. ಆಮೇಲೆ ಬಂದವು ಹಿಂದಿನವರ ಹೆಸರುಗಳನ್ನೆಲ್ಲ ಹೇಳಿ ತಮ್ಮದನ್ನು ನಡುವೆ ತುರುಕಿದವು. ವಿವಾಲ್ಡಿ ಎಂಬ ಬ್ರೌಸರ್ 2019ರ ಡಿಸೆಂಬರಿನಲ್ಲಿ ಅಷ್ಟು ನಿಜವನ್ನೂ ಬಿಟ್ಟುಕೊಟ್ಟಿತು. ಅದರೊಳಗಿನ ಯಂತ್ರ ಕ್ರೋಮ್‌ನದ್ದೇ; ಆದರೂ ವಿವಾಲ್ಡಿ ಎಂದರೆ ಕೆಲವು ಸೈಟುಗಳು ಬಾಗಿಲು ಹಾಕುತ್ತಿದ್ದವು, ಕ್ರೋಮ್ ಎಂದರೆ ತೆರೆಯುತ್ತಿದ್ದವು. ಐಫೋನಿನ ಕಥೆ ಇದಕ್ಕೆ ತಿರುಗುಮುರುಗು. ಅದರಲ್ಲಿ ಕ್ರೋಮ್ ಹಾಕಿಕೊಳ್ಳಿ, ಫೈರ್‌ಫಾಕ್ಸ್ ಹಾಕಿಕೊಳ್ಳಿ, ಒಳಗೆ ಓಡುವುದು ಸಫಾರಿಯ ವೆಬ್‌ಕಿಟ್. ಆಪಲ್ ಮಾಡಿದ ನಿಯಮ ಅದು. 2024ರಲ್ಲಿ ಯುರೋಪಿಯನ್ ಒಕ್ಕೂಟದ ಕಾನೂನಿಗೆ ಮಣಿದು ಅಲ್ಲಿಯ ಮಟ್ಟಿಗೆ ಸಡಿಲಿಸಿತು. ಹೀಗಿರುವಾಗ “ಕ್ರೋಮ್‌ನಲ್ಲಿ ಪರೀಕ್ಷಿಸಲಾಗಿದೆ” ಎಂಬ ಷರಾ ಬೆಂಗಳೂರಿನ ಐಫೋನಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಹೆಸರು ಬೇಡ, ಅಂಕಿ ನೋಡೋಣ ಎನ್ನುವವರ ಮಾತಿಗೆ ತೂಕ ಜಾಸ್ತಿ. ಅಮೆರಿಕ ಸರ್ಕಾರದ ವೆಬ್ ವಿನ್ಯಾಸ ವ್ಯವಸ್ಥೆಯವರು ಶೇಕಡಾ 2ರ ಸೂತ್ರ ಇಟ್ಟುಕೊಂಡಿದ್ದಾರೆ: ಸರ್ಕಾರಿ ಸೈಟುಗಳಿಗೆ ಬರುವವರಲ್ಲಿ ಅಷ್ಟಕ್ಕಿಂತ ಹೆಚ್ಚು ಜನ ಬಳಸುವ ಬ್ರೌಸರ್‌ಗೆ ಬೆಂಬಲ. ಸೂತ್ರ ಚೆನ್ನಾಗಿದೆ, ಜಗಳ ತಪ್ಪಿಸುತ್ತದೆ. ಆದರೆ ಹತ್ತು ಲಕ್ಷ ಗ್ರಾಹಕರಿರುವ ಕಂಪನಿಯಲ್ಲಿ ಶೇಕಡಾ 2 ಎಂದರೆ 20,000 ಜನ, ಒಂದು ಸಣ್ಣ ಊರೇ ಆಯಿತು. ಅದಕ್ಕಿಂತ ದೊಡ್ಡ ತೊಡಕೆಂದರೆ, ಅಂಕಿಗೆ ಸಿಗುವವರು ಒಳಗೆ ಬಂದವರು ಮಾತ್ರ. ನಿಮ್ಮ ಸೈಟು ಫೈರ್‌ಫಾಕ್ಸ್‌ನಲ್ಲಿ ಕೆಟ್ಟು ಕೂತಿದ್ದರೆ ಫೈರ್‌ಫಾಕ್ಸ್‌ನವರು ಬರುವುದನ್ನು ಬಿಡುತ್ತಾರೆ. ವರ್ಷ ಕಳೆದ ಮೇಲೆ ಲೆಕ್ಕ ತೆಗೆದು “ನೋಡಿ, ಫೈರ್‌ಫಾಕ್ಸ್ ಯಾರೂ ಬಳಸಲ್ಲ” ಎಂದು ಮೀಸೆ ತಿರುವಬಹುದು. ಯೂಟ್ಯೂಬ್‌ನ ಎಂಜಿನಿಯರ್ ಕ್ರಿಸ್ ಝಕರಾಯಸ್ 2009ರ ಸುಮಾರಿಗೆ ವಿಡಿಯೊ ಪುಟದ ಭಾರವನ್ನು 1.2 ಎಂಬಿಯಿಂದ 98 ಕೆಬಿಗೆ ಇಳಿಸಿದರು. ಪುಟ ತೆರೆಯುವ ಸರಾಸರಿ ಸಮಯ ಇಳಿಯಬೇಕಿತ್ತಲ್ಲ, ಏರಿಬಿಟ್ಟಿತು! ತಲೆ ಕೆರೆದುಕೊಂಡು ನೋಡಿದರೆ ಆಗ್ನೇಯ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕ, ಸೈಬೀರಿಯಾಗಳಿಂದ ಜನ ಬರತೊಡಗಿದ್ದರು. ಮುಂಚೆ ಅವರಿಗೆ ಒಂದು ವಿಡಿಯೊ ಶುರುವಾಗಲು 20 ನಿಮಿಷ ಹಿಡಿಯುತ್ತಿತ್ತು, ಅಷ್ಟು ತಾಳ್ಮೆ ಇದ್ದವರು ಯಾರು? ಹೊಸ ಪುಟದಲ್ಲಿ ಎರಡು ನಿಮಿಷಕ್ಕೆ ಬಂತು, ಬಂದು ಕೂತರು, ಸರಾಸರಿಯನ್ನು ಕೆಡಿಸಿದರು. ಅವರು ಹಿಂದಿನ ಯಾವ ಅಂಕಿಅಂಶದಲ್ಲೂ ಇರಲೇ ಇಲ್ಲ.

ಸೈಬೀರಿಯಾ ದೂರವಾಯಿತು ಎನ್ನುವವರಿಗೆ ಕನ್ನಡದ್ದೇ ಸಾಕ್ಷಿ ಇದೆ. ಯೂನಿಕೋಡ್ ಬೇರೂರುವ ಮುಂಚೆ ಕನ್ನಡ ಸೈಟುಗಳು ತಮ್ಮ ತಮ್ಮ ಫಾಂಟು ಇಟ್ಟುಕೊಂಡಿದ್ದವು. ಓದುವವರು ಫಾಂಟು ಇಳಿಸಿಕೊಳ್ಳುವ ಗೋಜು ಬೇಡವೆಂದು ಡೈನಾಮಿಕ್ ಫಾಂಟು ಬಂತು. ಅದರಲ್ಲಿ ಮೈಕ್ರೋಸಾಫ್ಟ್‌ನ ಇಒಟಿ ಬಗೆಯದು ಎಕ್ಸ್‌ಪ್ಲೋರರ್ ಬಿಟ್ಟು ಬೇರೆಲ್ಲೂ ನಡೆಯುತ್ತಿರಲಿಲ್ಲ. ಬೇರೆ ಬ್ರೌಸರಿನಲ್ಲಿ ತೆರೆದರೆ ಸಂಪಾದಕೀಯದ ಜಾಗದಲ್ಲಿ ತಲೆಯ ಮೇಲೆ ಕೊಂಬು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಂತೆ. ಆಮೇಲೆ ಮೊಬೈಲ್ ಕಾಲ. ಶುರುವಿನ ಎಷ್ಟೋ ಫೋನುಗಳಲ್ಲಿ ಕನ್ನಡ ಎಂದರೆ ಸಾಲಾಗಿ ಜೋಡಿಸಿದ ಖಾಲಿ ಡಬ್ಬಿಗಳು. ಆಗ ಕೈಹಿಡಿದದ್ದು ಒಪೆರಾ ಮಿನಿ. ಅದು ಪುಟವನ್ನು ತನ್ನ ಸರ್ವರಿನಲ್ಲೇ ಬೇಯಿಸಿ, ಹಿಂಡಿ, ಪುಟ್ಟದು ಮಾಡಿ ಫೋನಿಗೆ ಕಳಿಸುವ ಬ್ರೌಸರ್. ವಿಳಾಸದ ಜಾಗದಲ್ಲಿ ‘ಒಪೆರಾ: ಕಾನ್ಫಿಗ್’ ಎಂದು ಹೊಡೆದು, ಕೊನೆಯವರೆಗೆ ಇಳಿದು, ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟು ಎಂಬ ಕಡೆ ‘ಯೆಸ್’ ಎಂದು ಬದಲಿಸಿ ಉಳಿಸಿದರೆ ಸಾಕು, ಅಕ್ಷರಗಳು ಚಿತ್ರವಾಗಿ ಬಂದು, ಒತ್ತು ಕೆಳಗೆ, ಅರ್ಕಾವತ್ತು ಪಕ್ಕಕ್ಕೆ, ಎಲ್ಲ ತಂತಮ್ಮ ಜಾಗದಲ್ಲಿ ಕೂರುತ್ತಿದ್ದವು. ಈ ಗುಟ್ಟು ಫೋನಿನಿಂದ ಫೋನಿಗೆ, ಬಾಯಿಂದ ಬಾಯಿಗೆ ಹಬ್ಬಿತು. ಆದರೆ ಜಾವಾಸ್ಕ್ರಿಪ್ಟ್ ಅದರಲ್ಲಿ ಅರೆಬರೆ ಓಡುತ್ತಿದ್ದರಿಂದ ಸೈಟು ಕಟ್ಟುವವರು ಮೊದಲು ಪಟ್ಟಿಯಿಂದ ಹೊಡೆದುಹಾಕುತ್ತಿದ್ದದ್ದು ಒಪೆರಾ ಮಿನಿಯನ್ನೇ.

ಇಲ್ಲಿ ಅಕೌಂಟ್ಸ್‌ನವರು ಕೆಮ್ಮುತ್ತಾರೆ, ಕೆಮ್ಮುವುದಕ್ಕೆ ಕಾರಣವೂ ಇದೆ. ಹಳೆಯ ಬ್ರೌಸರ್ ಸಾಕುವುದು ಪುಕ್ಕಟೆಯಲ್ಲ. 2001ರಲ್ಲಿ ಬಂದ ಎಕ್ಸ್‌ಪ್ಲೋರರ್ 6, ಮುಂದಿನ ಆವೃತ್ತಿ 2006ರಲ್ಲಿ ಬರುವವರೆಗೆ ಏಕಚಕ್ರಾಧಿಪತ್ಯ ನಡೆಸಿ, ಅದಾದ ಮೇಲೂ ಕುರ್ಚಿ ಬಿಡಲಿಲ್ಲ. ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರ ಕೊಟ್ಟರೆ ಹಿಂದೆ ಬೂದುಬಣ್ಣ ಬಳಿದು ತೋರಿಸುತ್ತಿತ್ತು. ಅಂಚು ಹತ್ತು ಚುಕ್ಕೆ ಬಿಡು ಎಂದರೆ ಕೆಲವೊಮ್ಮೆ ಇಪ್ಪತ್ತು ಬಿಡುತ್ತಿತ್ತು. 2009ರಲ್ಲಿ ಯೂಟ್ಯೂಬ್‌ನ ಕೆಲವು ಎಂಜಿನಿಯರುಗಳು ರೋಸಿಹೋಗಿ, ಮೇಲಿನವರನ್ನು ಕೇಳದೆಯೇ, ಎಕ್ಸ್‌ಪ್ಲೋರರ್ 6ರವರಿಗೆ ಮಾತ್ರ ಕಾಣುವಂತೆ “ನಿಮ್ಮ ಬ್ರೌಸರ್‌ಗೆ ಬೆಂಬಲ ಸದ್ಯದಲ್ಲೇ ನಿಲ್ಲಲಿದೆ” ಎಂಬ ಪಟ್ಟಿ ಅಂಟಿಸಿದರು. ವಕೀಲರು ಓಡಿಬಂದದ್ದು ಬಳಕೆದಾರರ ಮೇಲಿನ ಕರುಣೆಯಿಂದಲ್ಲ, ಬದಲಿಗೆ ಬಳಸಿ ಎಂದು ಸೂಚಿಸಿದ ಬ್ರೌಸರ್‌ಗಳಲ್ಲಿ ಗೂಗಲ್‌ನದೇ ಕ್ರೋಮ್ ಮೊದಲು ಕಂಡಿದ್ದರಿಂದ! ಹೆಸರುಗಳ ಕ್ರಮ ಪ್ರತಿಸಲ ಬದಲಾಗುತ್ತದೆ ಎಂದು ತೋರಿಸಿದ ಮೇಲೆ ಸಮಾಧಾನಪಟ್ಟರು. ಒಂದೇ ತಿಂಗಳಲ್ಲಿ ಆ ಬ್ರೌಸರಿನಿಂದ ಬರುವವರು ಅರ್ಧಕ್ಕಿಳಿದರಂತೆ. 2012ರಲ್ಲಿ ಆಸ್ಟ್ರೇಲಿಯಾದ ಕೋಗನ್ ಎಂಬ ಆನ್‌ಲೈನ್ ಅಂಗಡಿ ಎಕ್ಸ್‌ಪ್ಲೋರರ್ 7ರಲ್ಲಿ ಬಂದವರಿಗೆ ಶೇಕಡಾ 6.8 ‘ತೆರಿಗೆ’ ಹಾಕಿತು, ಆ ಬ್ರೌಸರ್ ಹುಟ್ಟಿ ಎಷ್ಟು ತಿಂಗಳಾಯಿತೋ ತಿಂಗಳಿಗೆ 0.1ರಂತೆ. ನಗೆ ಬರುತ್ತದೆ, ಆದರೂ ಅದು ಪ್ರಾಮಾಣಿಕ ಬಿಲ್ಲು: ಬಾಗಿಲು ಹಾಕಲಿಲ್ಲ, ಖರ್ಚು ಎಷ್ಟೆಂದು ಹೇಳಿತು.

“ಹೊಸದು ದುಡ್ಡಿಲ್ಲದೆ ಸಿಗುತ್ತಲ್ಲ, ಹಾಕ್ಕೊಳ್ಳಲಿ” ಎಂಬ ಆಕ್ಷೇಪ ನನಗೆ ಅಷ್ಟು ರುಚಿಸುವುದಿಲ್ಲ. ವಿಂಡೋಸ್ 7ಕ್ಕೆ ಕ್ರೋಮ್ 2023ರ ಆರಂಭದಲ್ಲಿ, 109ನೇ ಆವೃತ್ತಿಗೆ, ಕೈಮುಗಿಯಿತು. ಅಲ್ಲಿಂದಾಚೆ ಹೊಸ ಕ್ರೋಮ್ ಬೇಕಾದವರು ವಿಂಡೋಸನ್ನೇ ಬದಲಿಸಬೇಕು, ಎಷ್ಟೋ ಸಲ ಕಂಪ್ಯೂಟರನ್ನೇ. ಕಚೇರಿಯ ಗುಮಾಸ್ತರಿಗೆ ತಮ್ಮ ಮೇಜಿನ ಯಂತ್ರಕ್ಕೆ ಏನನ್ನೂ ಹಾಕುವ ಅಧಿಕಾರವಿರುವುದಿಲ್ಲ. ಸುರಕ್ಷತೆಯ ಆಕ್ಷೇಪ ಮಾತ್ರ ಗಟ್ಟಿ. ಹಳೆಯ ಗೂಢಲಿಪಿಯಲ್ಲಿ ಕಾರ್ಡಿನ ನಂಬರು ಹಾದುಹೋಗಬಾರದು; ಹಣ ಕಟ್ಟುವ ಪುಟ ಅಂಥ ಬ್ರೌಸರನ್ನು ಹಿಂದಕ್ಕೆ ಕಳಿಸಿದರೆ ಸರಿಯೇ. ಆದರೆ ಅದೇ ನೆಪದಲ್ಲಿ ಶಾಖೆಯ ಫೋನ್ ನಂಬರನ್ನೂ ತೋರಿಸದಿರುವುದು ಯಾವ ಸುರಕ್ಷತೆ?

ಸುರಕ್ಷತೆಯ ಹೆಸರಿನಲ್ಲೇ ಒಂದು ದೇಶ ಇಪ್ಪತ್ತು ವರ್ಷ ಒಂದೇ ಬ್ರೌಸರಿಗೆ ಗಂಟುಬಿದ್ದ ಕಥೆ ದಕ್ಷಿಣ ಕೊರಿಯಾದ್ದು. 1990ರ ದಶಕದ ಕೊನೆಯಲ್ಲಿ ಅಮೆರಿಕ ಬಲವಾದ ಗೂಢಲಿಪಿಯ ರಫ್ತಿಗೆ ಕಟ್ಟು ಹಾಕಿದ್ದರಿಂದ ಕೊರಿಯಾ ಸೀಡ್ ಎಂಬ ತನ್ನದೇ ಪದ್ಧತಿ ಮಾಡಿಕೊಂಡಿತು. ಬ್ರೌಸರ್‌ಗಳಿಗೆ ಅದು ಗೊತ್ತಿಲ್ಲವಾಗಿ, ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಓಡುವ ಆಕ್ಟಿವ್ಎಕ್ಸ್ ಮೂಲಕ ಜೋಡಿಸಲಾಯಿತು. ಬ್ಯಾಂಕು, ಅಂಗಡಿ, ಸರ್ಕಾರ ಎಲ್ಲ ಅದರ ಮೇಲೆ ನಿಂತವು. ಆಗ ಅದು ಸಕಾರಣ ನಿರ್ಧಾರ. 2014ರಲ್ಲಿ ಅಧ್ಯಕ್ಷೆ ಪಾರ್ಕ್ ಗೆನ್ ಹೇ ಸಭೆಯಲ್ಲೇ ಒಂದು ಕೋಟಿನ ವಿಷಯ ಎತ್ತಿದರು: ಟಿ.ವಿ. ಧಾರಾವಾಹಿಯ ನಾಯಕಿ ತೊಟ್ಟ ಕೋಟನ್ನು ಕೊಳ್ಳಲು ಚೀನಾದ ಅಭಿಮಾನಿಗಳು ದುಡ್ಡು ಹಿಡಿದು ಕಾದಿದ್ದಾರೆ, ನಮ್ಮ ಸೈಟುಗಳು ಅವರನ್ನು ಒಳಗೇ ಬಿಡುತ್ತಿಲ್ಲ. ಈ ವ್ಯವಸ್ಥೆಯಲ್ಲಿ ಗ್ರಾಹಕರು ಗುರುತಿಗೆ ತೋರಿಸಬೇಕಾಗಿದ್ದ ಡಿಜಿಟಲ್ ಪ್ರಮಾಣಪತ್ರದ ವಿಶೇಷ ಸ್ಥಾನಮಾನ ಕಾನೂನಿನಿಂದ ಹೋದದ್ದು 2020ರ ಡಿಸೆಂಬರಿನಲ್ಲಿ. ನಮ್ಮ ಕಂಪನಿಗಳು ಈಗ “ಕ್ರೋಮ್‌ನಲ್ಲಿ ತೆರೆಯಿರಿ” ಎಂದು ಅಂಟಿಸುವ ಚೀಟಿ ನೋಡಿದಾಗೆಲ್ಲ ನನಗೆ ಆ ಕೋಟು ನೆನಪಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಮದುವೆಮನೆ ಪಂಕ್ತಿಯ ನ್ಯಾಯ ಸಾಕು: ಎಲೆ ಎಲ್ಲರಿಗೂ, ಅನ್ನ ಸಾರು ಎಲ್ಲರಿಗೂ, ಹೋಳಿಗೆ ಅರಗಿಸಿಕೊಳ್ಳುವವರಿಗೆ. ಬಿಬಿಸಿಯ ಸುದ್ದಿ ಸೈಟಿನವರು 2012ರಲ್ಲಿ ಇದನ್ನೇ ಮಾಡಿದರು. ಬಂದ ಬ್ರೌಸರಿನ ಹೆಸರು ಕೇಳಲಿಲ್ಲ, ಮೂರು ಪ್ರಶ್ನೆ ಕೇಳಿದರು. ಪುಟದಲ್ಲಿ ಬೇಕಾದ ಭಾಗ ಹುಡುಕಿಕೊಡುತ್ತೀಯಾ? ಸ್ವಲ್ಪ ಮಾಹಿತಿ ನಿನ್ನ ಹತ್ತಿರ ಇಟ್ಟುಕೊಳ್ಳುತ್ತೀಯಾ? ಯಾರಾದರೂ ಗುಂಡಿ ಒತ್ತಿದರೆ ತಿಳಿಸುತ್ತೀಯಾ? ಮೂರಕ್ಕೂ ಹೂಂ ಎಂದರೆ ಅಲಂಕಾರದ ಪುಟ, ಇಲ್ಲವಾದರೆ ಸುದ್ದಿ ಮಾತ್ರ ಇರುವ ಸರಳ ಪುಟ. ಎರಡೆರಡು ಪುಟ ಎಂದರೆ ಎರಡು ಪಟ್ಟು ಕೆಲಸವಲ್ಲವೇ ಎಂದು ಕೇಳಬಹುದು. ಅಲ್ಲ, ಸರಳ ಪುಟ ಮೊದಲು ಕಟ್ಟಿ ಅದರ ಮೇಲೆ ಹೇರಿದರೆ ಕೆಲಸ ಒಂದೂಕಾಲು ಪಟ್ಟಾದೀತು, ಟೆಸ್ಟಿಂಗ್ ಹುಡುಗಿಯ ಶನಿವಾರಗಳೂ ಉಳಿದಾವು, ಏಕೆಂದರೆ ಹಳೆಯ ಬ್ರೌಸರಿನಲ್ಲಿ ಅವಳು ನೋಡಬೇಕಾದದ್ದು ಚೆಂದವನ್ನಲ್ಲ, ಫಾರಂ ಹೋಯಿತೇ ಎಂಬುದನ್ನು. ಆದ್ದರಿಂದ ಮೀಟಿಂಗಿನಲ್ಲಿ ಮೊದಲು ಬರೆಯಬೇಕಾದ ಪಟ್ಟಿ ಬ್ರೌಸರ್‌ಗಳದ್ದಲ್ಲ, ಯಾವ ಕೆಲಸ ಯಾರಿಗೂ ನಿಲ್ಲಕೂಡದು ಎಂಬುದರದ್ದು.

ಬ್ರೌಸರ್ ಪಟ್ಟಿಯೂ ಇರಲಿ, ಆದರೆ ಅದಕ್ಕೆ ತಾರೀಖು ಹಾಕಿ. ಈ ಪಟ್ಟಿ ತಯಾರಿಸುವ ಬ್ರೌಸರ್ಸ್‌ಲಿಸ್ಟ್ ಎಂಬ ಉಪಕರಣದಲ್ಲಿ ‘ಸತ್ತಿಲ್ಲದ್ದು’ ಎಂದೇ ಒಂದು ಷರತ್ತಿದೆ: 24 ತಿಂಗಳು ಅಪ್‌ಡೇಟ್ ಇಲ್ಲದ್ದು ಸತ್ತಿತು ಎಂದು ಲೆಕ್ಕ. ಎಕ್ಸ್‌ಪ್ಲೋರರ್ 11ಕ್ಕೆ ಮೈಕ್ರೋಸಾಫ್ಟ್ 2022ರ ಜೂನ್ 15ರಂದು ವಿದಾಯ ಹೇಳಿತು. ಕೊರಿಯಾದ ಗ್ಯೋಂಗ್ಜುವಿನಲ್ಲಿ ಎಂಜಿನಿಯರೊಬ್ಬರು ದುಡ್ಡು ಕೊಟ್ಟು ಅದಕ್ಕೆ ಗೋರಿಕಲ್ಲು ಕೆತ್ತಿಸಿದರು, ಬೇರೆ ಬ್ರೌಸರ್ ಇಳಿಸಿಕೊಳ್ಳಲು ಒಳ್ಳೆಯ ಸಾಧನವಾಗಿತ್ತು ಎಂಬ ಒಕ್ಕಣೆಯೊಂದಿಗೆ. ಅಷ್ಟಾದರೂ ಎಡ್ಜ್‌ನೊಳಗೆ ಐಇ ಮೋಡ್ ಎಂಬ ಕೋಣೆ ಮಾಡಿಕೊಟ್ಟು, ಕನಿಷ್ಠ 2029ರವರೆಗೆ ಅದನ್ನು ಇಟ್ಟುಕೊಳ್ಳುವುದಾಗಿ ಮೈಕ್ರೋಸಾಫ್ಟೇ ಹೇಳಿದೆ. ಕಲ್ಲು ಹಾಕಿಸಿಕೊಂಡ ಆಸಾಮಿ ಅಲ್ಲಿ ಕೂತು ಇನ್ನೂ ಯಾವುದೋ ಕಚೇರಿಯ ಹಳೆಯ ಫಾರಂ ತುಂಬುತ್ತಿದ್ದಾನೆ. ಅವನ ಹೆಸರು ಹೊಡೆಯುವ ಮುಂಚೆ ಆ ಫಾರಂ ಯಾವುದೆಂದು ಒಂದು ಮಾತು ಕೇಳಿ.