ಹಿಂದುಳಿದಿರುವಿಕೆಯ ಮುಂದುವರಿದ ಅಧ್ಯಯನ

ಪ್ರಸ್ತುತ ಪ್ರಬಂಧವು ಕನಕಗಿರಿ ಸೀಮೆಯ, ಅಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಶೈಕ್ಷಣಿಕ ಹಿಂದುಳಿದಿರುವಿಕೆಯನ್ನು ಕುರಿತದ್ದಲ್ಲ. ಆ ಕೆಲಸ ಬೇಕಾದಷ್ಟಾಗಿದೆ. ಆ ಹಿಂದುಳಿದಿರುವಿಕೆಯನ್ನೇ ಉಂಡು ಬೆಳೆದ ಅಂತರರಾಷ್ಟ್ರೀಯ ಶಿಕ್ಷಣ ನೀತಿ ತಜ್ಞನೆಂಬ ಜೀವಿಯ ಆಹಾರ, ವಿಹಾರ, ವಲಸೆ ಮತ್ತು ಬಡ್ತಿಗಳ ಬಹುಶಿಸ್ತೀಯ, ಬಹುಸ್ತರೀಯ, ಬಹುವೆಚ್ಚದ ವಿಶ್ಲೇಷಣೆಯಷ್ಟೇ ಇದರ ವ್ಯಾಪ್ತಿ.

ಮೊದಲಿಗೆ ಪೂರ್ವಾಧ್ಯಯನಗಳ ಸಮೀಕ್ಷೆ. ಈ ಭಾಗದ ಮೊಟ್ಟಮೊದಲ ಬೇಸ್‌ಲೈನ್ ಸರ್ವೆ ನಡೆದದ್ದು 9ನೇ ಶತಮಾನದಲ್ಲಿ. ಕವಿರಾಜಮಾರ್ಗವು ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಕನ್ನಡದ ತಿರುಳಿನ ಸೀಮೆಗೆ ಸೇರಿಸಿ, ಈ ನಾಡಿನ ಜನ ಓದು ಕಲಿಯದೆಯೂ ಕಾವ್ಯ ಕಟ್ಟಬಲ್ಲ ಜಾಣರು ಎಂದು ವರದಿ ಕೊಟ್ಟಿತು. ಆ ವರದಿಯಲ್ಲಿ ಶಿಫಾರಸುಗಳ ಅಧ್ಯಾಯವಿಲ್ಲ, ಎರಡನೇ ಹಂತಕ್ಕೆ ಅನುದಾನದ ಕೋರಿಕೆಯೂ ಇಲ್ಲ. ಹೀಗಾಗಿ ತಜ್ಞವಲಯ ಅದನ್ನು ಲೆಕ್ಕಕ್ಕಿಟ್ಟಿಲ್ಲ.

ಇನ್ನು ಸಿದ್ಧಾಂತ. 1990ರ ಮಾರ್ಚಿನಲ್ಲಿ ಥಾಯ್ಲೆಂಡಿನ ಜೋಮ್ತಿಯೆನ್‌ನಲ್ಲಿ ದೇಶದೇಶಗಳ ಪ್ರತಿನಿಧಿಗಳು ಕೂಡಿ, 2000ದ ಹೊತ್ತಿಗೆ ಎಲ್ಲರಿಗೂ ಶಿಕ್ಷಣ ಎಂದು ಘೋಷಿಸಿದರು. 2000 ಬಂತು. ಸೆನೆಗಲ್ ದೇಶದ ಡಕಾರ್‌ನಲ್ಲಿ ಕೂಡಿ, 2015 ಎಂದರು. ಗಟ್ಟಿ ಮನಸ್ಸು ಮಾಡಿದ ಯಾವ ದೇಶವೂ ದುಡ್ಡಿಲ್ಲವೆಂದು ಸೋಲಬೇಕಾಗಿಲ್ಲ ಎಂದೂ ಮಾತು ಕೊಟ್ಟರು. 2015 ಬಂತು. ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ಕೂಡಿ, 2030 ಎಂದರು. ಮೂರೂ ಸಮುದ್ರದ ದಂಡೆಯ ಊರುಗಳು. ಇದರಿಂದ ಈ ಲೇಖಕನು ಕಂಡುಕೊಂಡದ್ದು ‘ಕರಾವಳಿ ನಿಯಮ’: ಉಪ್ಪುಗಾಳಿ ಬೀಸದಲ್ಲಿ ಶಿಕ್ಷಣದ ಘೋಷಣೆ ಹುಟ್ಟುವುದಿಲ್ಲ. ಕೊಪ್ಪಳ ಜಿಲ್ಲೆಗಿರುವುದು ಮುನಿರಾಬಾದಿನ ಡ್ಯಾಮು, ಅದೂ ಸಿಹಿನೀರಿನದು. ಆದಕಾರಣ ಘೋಷಣೆ ಅವರಿಗೆ, ಅನುಷ್ಠಾನ ನಮಗೆ ಎಂದು ಪಾಲಾಗಿದೆ.

ಎರಡನೆಯದು ‘ಗಡುವು ಹಿಗ್ಗುವ ನಿಯಮ’. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಹಮಾಲ ಚೀಲ ಇಳಿಸದಿದ್ದರೆ ಅವನಿಗೆ ಅಂದಿನ ಕೂಲಿ ಇಲ್ಲ. ತಜ್ಞನ ಚೀಲ ಇಳಿಯದೆ ಉಳಿದರೆ, ಏಕೆ ಇಳಿಯಲಿಲ್ಲ ಎಂಬ ಅಧ್ಯಯನಕ್ಕೆ ಅವನನ್ನೇ ನೇಮಿಸುತ್ತಾರೆ. ಮೊದಲ ಗಡುವು ತಪ್ಪಿದಾಗ ರೀಡರ್ ಆಗಿದ್ದವನು ಪ್ರೊಫೆಸರ್, ಎರಡನೆಯದು ತಪ್ಪಿದಾಗ ಸಲಹೆಗಾರ, ಮೂರನೆಯದು ತಪ್ಪುವ ಹೊತ್ತಿಗೆ ಜೀವಮಾನ ಸಾಧಕ.

ಈ ಜೀವಿಯ ವರ್ಗೀಕರಣ ಹೀಗಿದೆ. ಘೋಷಣಾಚರ: ವಿಮಾನದಲ್ಲಿ ವಾಸ, ಕರಡು ತಿದ್ದುವುದು ಉದ್ಯೋಗ, ಮಕ್ಕಳನ್ನು ಕಾರ್ಯಕ್ರಮದ ಮೊದಲಿಗೆ ಹೂಗುಚ್ಛ ಕೊಡುವಾಗ ನೋಡಿರುತ್ತದೆ. ಕಾರ್ಯಾಗಾರಚರ: ಹೊಸಪೇಟೆಯಲ್ಲಿ ರೂಮು, ಕೊಪ್ಪಳದಲ್ಲಿ ಭಾಷಣ, ಭಾನುವಾರ ಹಂಪಿ. ‘ಕಾಲಿದ್ದರೆ ಹಂಪಿ ನೋಡು, ಕಣ್ಣಿದ್ದರೆ ಕನಕಗಿರಿ ನೋಡು’ ಎಂಬ ನಮ್ಮ ಕಡೆಯ ಗಾದೆಯನ್ನು ಮಾನದಂಡವಾಗಿ ಬಳಸಿದರೆ, ಇದಕ್ಕೆ ಕಾಲಿವೆ ಎಂಬುದು ಸಿದ್ಧ. ಉಳಿದರ್ಧಕ್ಕೆ ಪುರಾವೆ ಸಿಕ್ಕಿಲ್ಲ. ಮೂರನೆಯದು ಉಭಯಚರ... ಇನ್ನೂ ಏಳು ವರ್ಗ ಬರೆದಿಟ್ಟುಕೊಂಡಿದ್ದೆ. ಬಿಡಿ, ಎಲ್ಲವೂ ಇಳಿಯುವುದು ಒಂದೇ ಹೋಟೆಲಿನಲ್ಲಿ.

ಕ್ಷೇತ್ರಕಾರ್ಯದ ಭಾಗವಾಗಿ ಈ ಲೇಖಕನು ಒಂದು ‘ಸಾಮರ್ಥ್ಯವರ್ಧನಾ ಕಾರ್ಯಾಗಾರ’ದಲ್ಲಿ ಕುಳಿತಿದ್ದಾನೆ. ನಿವೃತ್ತಿಗೆ ಬಂದ ಹೆಡ್‌ಮಾಸ್ತರರನ್ನು ದುಂಡಗೆ ನಿಲ್ಲಿಸಿ, ನಿಮ್ಮ ಹೆಸರಿನ ಜತೆ ಒಂದು ಹಣ್ಣಿನ ಹೆಸರು ಹೇಳಿ ಎಂದರು. ಕುಷ್ಟಗಿ ಕಡೆಯವರೆಲ್ಲ ದಾಳಿಂಬೆ ಆದರು. ಒಬ್ಬ ಹಿರಿಯರು ತಲೆ ತಗ್ಗಿಸಿ ‘ಪೇರಲ’ ಎಂದರು. ಆಮೇಲೆ ಗುಂಪು ಚರ್ಚೆ, ಚಾರ್ಟ್ ಶೀಟು, ಸ್ಕೆಚ್ ಪೆನ್ನು. ಹಿಂದಿನ ಸಾಲಿನಿಂದ ಒಬ್ಬರು ಬಾಯಾರು (ಟೀಚರಮ್ಮನಿಗೆ ನಮ್ಮ ಕಡೆ ಹೀಗೆನ್ನುತ್ತಾರೆ) ಎದ್ದು, “ಸರ, ನಮ್ಮ ಸಾಲ್ಯಾಗ ಐದು ಕ್ಲಾಸಿಗೆ ಇಬ್ರ ಅದೀವ್ರಿ. ಒಬ್ರು ಟ್ರೇನಿಂಗಿಗೆ ಬಂದ್ರ ಒಬ್ರ ಉಳೀತೀವಿ. ಇದಕ್ಕೇನು ಮಾಡೂದ್ರಿ?” ಎಂದರು. ತಜ್ಞರಿಗೆ ಪ್ರಶ್ನೆ ಬಹಳ ಹಿಡಿಸಿತು. ಅದನ್ನು ‘ಪಾರ್ಕಿಂಗ್ ಲಾಟ್’ ಎಂಬ ಹಾಳೆಗೆ ಬರೆಸಿದರು. ನಂತರ ಊಟ. ಪ್ರಶ್ನೆ ಇನ್ನೂ ಅಲ್ಲೇ ಪಾರ್ಕಾಗಿದೆ.

ಹಾಗೆಂದು ನಮ್ಮ ಸೀಮೆಗೆ ಬಂದದ್ದೇನೂ ಇಲ್ಲ ಎಂದರೆ ಸುಳ್ಳಾಗುತ್ತದೆ. 1994ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಶುರುವಾದಾಗ ರಾಜ್ಯದ ಮೊದಲ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರು ಒಂದು. ಆಗ ನಾವೂ ರಾಯಚೂರು. ಕೊಠಡಿಗಳೆದ್ದವು. 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. 2002ರಲ್ಲಿ ಪ್ರಾದೇಶಿಕ ಅಸಮತೋಲನವನ್ನು ಅಳೆದ ನಂಜುಂಡಪ್ಪ ಸಮಿತಿ ಕುಷ್ಟಗಿ, ಯಲಬುರ್ಗಾಗಳನ್ನು ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಸಂಶೋಧಕರಿಗೆ ಇದಕ್ಕಿಂತ ಫಲವತ್ತಾದ ಭೂಮಿ ಸಿಗಲಿಕ್ಕಿಲ್ಲ. ಅದೇ ವರ್ಷ ಜೂನಿನಲ್ಲಿ ಬಿಸಿಯೂಟ ನಮ್ಮ ಭಾಗದ ಏಳು ಜಿಲ್ಲೆಗಳಿಂದಲೇ ಆರಂಭವಾಯಿತು. ಮಕ್ಕಳನ್ನು ಶಾಲೆಗೆ ತಂದ ಈ ಅನ್ನದ ಹಿಂದೆ ಇದ್ದದ್ದು 2001ರ ಸುಪ್ರೀಂ ಕೋರ್ಟ್ ಆದೇಶ, ಯಾವ ದಂಡೆಯ ಘೋಷಣೆಯೂ ಅಲ್ಲ.

‘ಪಾಲುದಾರರ ದನಿ’ ಎಂಬ ಅಧ್ಯಾಯ ಇಲ್ಲದೆ ಯಾವ ವರದಿಯೂ ಪಾಸಾಗದು. 2021ರ ಡಿಸೆಂಬರಿನಲ್ಲಿ, ಶಾಲೆಯಲ್ಲಿ ಮೊಟ್ಟೆ ಕೊಡಬಾರದೆಂದು ಕೆಲವು ಮಠಾಧೀಶರು ತಕರಾರು ತೆಗೆದಾಗ, ಗಂಗಾವತಿಯ ಹುಡುಗಿಯೊಬ್ಬಳು ಕ್ಯಾಮೆರಾ ಮುಂದೆ ನಿಂತು ನಮಗೆ ಮೊಟ್ಟೆ ಬೇಕು ಎಂದು ಕಡ್ಡಿ ಮುರಿದಂತೆ ಹೇಳಿದಳು. ಮರುವರ್ಷ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. ಆದರೆ ಮಾದರಿ ಗಾತ್ರ ಒಂದೇ ಆದ್ದರಿಂದ ಈ ಪ್ರಬಂಧವು ಅದನ್ನು ಪುರಾವೆಯೆಂದು ಒಪ್ಪಲಾರದು.

ಕೊನೆಯದಾಗಿ ‘ಹಂಗಾಮಿನ ಹಾಜರಾತಿ ಏರಿಳಿತ’ವೆಂಬ ಪರಿಕಲ್ಪನೆ. ಇದರ ಸೈದ್ಧಾಂತಿಕ ಚೌಕಟ್ಟು ಏನೆಂದರೆ... ಏನೂ ಇಲ್ಲ. ಬೀಜದ ಹೊಲಕ್ಕೆ ಕ್ರಾಸಿಂಗ್ ಮಾಡಲು ಮಕ್ಕಳನ್ನು ಕರೆದೊಯ್ಯುತ್ತಾರೆ. ಸಂಜೆ ಹತ್ತಿ ಮೊಗ್ಗಿನ ಗಂಡುಭಾಗ ಚಿವುಟಬೇಕು, ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗ ಮುಟ್ಟಿಸಬೇಕು. ಸಣ್ಣ ಬೆರಳಿದ್ದಷ್ಟೂ ಕೆಲಸ ಸಲೀಸು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೋಗುತ್ತಾರೆ. ಹುಡುಗಿ ಎಲ್ಲೋ ಕಟ್ಟುತ್ತಿರುವ ಬಿಲ್ಡಿಂಗಿನ ನೆರಳಲ್ಲಿ ತಮ್ಮನನ್ನು ಆಡಿಸುತ್ತ ಕೂರುತ್ತಾಳೆ. ಇದಕ್ಕೆ ಏರಿಳಿತ ಎನ್ನುತ್ತೀರಾ? ನಿಮ್ಮ ಗ್ರಾಫಿನಲ್ಲಿ ಒಂದು ಗೆರೆ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಆ ಹುಡುಗಿ ಮತ್ತೆ ಕ್ಲಾಸಿಗೆ ಬಂದಾಗ ಪಾಠ ಅವಳನ್ನು ಬಿಟ್ಟು ಎಷ್ಟೋ ಮುಂದೆ ಹೋಗಿರುತ್ತದೆ, ಅವಳು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು, ಒಂದು ದಿನ ಬರುವುದನ್ನೇ ಬಿಡುತ್ತಾಳೆ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ನೂರಕ್ಕೆ 58ನ್ನೂ ಮುಟ್ಟಲಿಲ್ಲ. ಉಳಿದವರೆಲ್ಲ ಯಾರ ಪವರ್‌ಪಾಯಿಂಟಿನ ಯಾವ ಸ್ಲೈಡಿನಲ್ಲಿದ್ದಾರೆ?

ಒಂದು ಲೆಕ್ಕ ಮಾತ್ರ ಹೇಳಿಬಿಡುತ್ತೇನೆ, ಇದಕ್ಕೆ ಯಾವ ಅನುದಾನವೂ ಬೇಡ. ಮೊದಲ ಘೋಷಣೆಯ ವರ್ಷ ಯಲಬುರ್ಗಾದ ಯಾವುದೋ ತಾಂಡಾದಲ್ಲಿ ಆರು ವರ್ಷದವಳಾಗಿದ್ದು, ಶಾಲೆಯ ಮುಖ ಕಾಣದೆ ಉಳಿದವಳು 2030ಕ್ಕೆ ನಲವತ್ತಾರು ತುಂಬಿದವಳು. ಅವಳು ಇಪ್ಪತ್ತಕ್ಕೆ ಹೆತ್ತ ಮಗಳೂ ಇಪ್ಪತ್ತಕ್ಕೇ ಹೆತ್ತರೆ, ಅಜ್ಜಿಗಿತ್ತ ಮಾತಿನ ಮೂರನೇ ಗಡುವು ಮುಗಿಯುವ ವರ್ಷವೇ ಮೊಮ್ಮಗು ಒಂದನೇ ಕ್ಲಾಸಿಗೆ ಹೋಗಬೇಕು. ಅಷ್ಟರಲ್ಲಿ ಇನ್ನೊಂದು ದಂಡೆಯಲ್ಲಿ ಕೂಡಿ ಇನ್ನೊಂದು ಇಸವಿ ಹೇಳುವುದಿದ್ದರೆ ಹೇಳಿಕೊಳ್ಳಿ. ಆ ಮಗು ಕೂರುವ ಕೋಣೆಗೆ ಒಬ್ಬ ಖಾಯಂ ಮಾಸ್ತರನನ್ನು ಕೊಡಿ. ಚಾರ್ಟ್ ಶೀಟು ನಾವೇ ತಂದುಕೊಳ್ಳುತ್ತೇವೆ.