ತಪೋಭಂಗದ ಬಾಬತ್ತು

ವಿಶ್ವಾಮಿತ್ರನ ತಪಸ್ಸು ಕೆಡಿಸಲು ಮೇನಕೆಯಾದರೂ ಬಂದಳು. ಲಂಡನ್ನಿನ ಚಾರ್ಲ್ಸ್ ಬ್ಯಾಬೇಜ್‌ಗೆ ಬಂದವರು ಬರೀ ಬೀದಿ ವಾದ್ಯದವರು. ಕಂಪ್ಯೂಟರಿನ ಪಿತಾಮಹ ಎನಿಸಿಕೊಂಡ ಈ ಗಣಿತಜ್ಞ, ಹನ್ನೆರಡು ವರ್ಷಗಳಿಂದ ತನ್ನ ದುಡಿಮೆಯ ಕಾಲುಭಾಗವನ್ನು ಇವರೇ ನುಂಗಿದರೆಂದು 1864ರ ಆತ್ಮಕಥೆಯಲ್ಲಿ ಲೆಕ್ಕ ಒಪ್ಪಿಸಿದ. ದೂರು ಕೊಟ್ಟಷ್ಟೂ ಕಾಟ ಹೆಚ್ಚಿತು. ಒಮ್ಮೆಯಂತೂ ಹಿತ್ತಾಳೆ ವಾದ್ಯದ ತಂಡವೊಂದು ಹೆಚ್ಚು ಬಿಡುವಿಲ್ಲದೆ ಐದು ಗಂಟೆ ಊದಿತು! ಅದೇ ವರ್ಷ ಬೀದಿ ಸಂಗೀತಕ್ಕೆ ಮೂಗುದಾರ ಹಾಕುವ ಕಾನೂನೂ ಬಂತು. ಗಣೇಶನ ಪೆಂಡಾಲಿನ ಪಕ್ಕದ ಮನೆಯವರು ಈ ಪುಣ್ಯಾತ್ಮನಿಗೂ ಒಂದು ಗರಿಕೆ ಏರಿಸಬಹುದು.

ಲಂಡನ್ನಿನದೇ ಚೆಲ್ಸಿಯಲ್ಲಿದ್ದ ಲೇಖಕ ಥಾಮಸ್ ಕಾರ್ಲೈಲ್‌ಗೆ ನೆರೆಮನೆಯ ಹುಂಜವೇ ಶತ್ರು. 1853ರಲ್ಲಿ ಮಾಳಿಗೆಯ ಮೇಲೆ ಜೋಡಿಗೋಡೆಯ ಕೋಣೆ ಕಟ್ಟಿಸಿದ. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ.

ಕವಿ ಕೋಲ್‌ರಿಜ್ ಜಾಣ. ತನ್ನ ‘ಕುಬ್ಲಾ ಖಾನ್’ ಕವಿತೆ ಅರ್ಧಕ್ಕೇ ನಿಂತದ್ದಕ್ಕೆ ಪೋರ್ಲಾಕ್ ಊರಿನಿಂದ ಯಾರೋ ಕೆಲಸವಿದೆಯೆಂದು ಬಂದದ್ದೇ ಕಾರಣವೆಂದ. ಹಾಗೊಬ್ಬ ಬಂದಿದ್ದನೇ ಎಂದು ವಿದ್ವಾಂಸರಿಗೆ ಇಂದಿಗೂ ಗುಮಾನಿ. ಬರವಣಿಗೆ ಸಾಗದ ದಿನ ಇಂಥ ಅತಿಥಿ ಯಾರಿಗೆ ಬೇಡ?

ಕಾದಂಬರಿಯಲ್ಲಾದರೆ ಲಾರೆನ್ಸ್ ಸ್ಟರ್ನ್‌ನದೇ ಮೇಲುಗೈ. ಅವನ ಕಥಾನಾಯಕ ಟ್ರಿಸ್ಟ್ರಾಮ್ ಶ್ಯಾಂಡಿ ತಾಯಿಯ ಗರ್ಭ ಸೇರುವ ಆ ಘಳಿಗೆಯಲ್ಲೇ ಆಕೆಗೆ ನೆನಪಾಗುತ್ತದೆ: ಗಡಿಯಾರಕ್ಕೆ ಕೀ ಕೊಟ್ಟಾಯಿತೇ? ಮಗನ ಬಾಳಿನ ಎಡವಟ್ಟುಗಳು ಶುರುವಾದದ್ದೇ ಅಲ್ಲಿಂದಂತೆ.