ವಿಷಯ: ರೆಕಾರ್ಡ್ ರೂಮು ಸೋರುವ ಬಗ್ಗೆ

ಸರ್ಕಾರಿ ಕಾಗದಕ್ಕೆ ತಲೆ ಇರುತ್ತದೆ, ಬುಡ ಇರುತ್ತದೆ, ನಡುವೆ ಮನುಷ್ಯ ಮಾತ್ರ ಇರುವುದಿಲ್ಲ. ಮೊದಲು ‘ವಿಷಯ’, ಅದರ ಕೆಳಗೆ ‘ಉಲ್ಲೇಖ’, ಆಮೇಲೆ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’. ಅಷ್ಟು ಹೊತ್ತಿಗೆ ಅರ್ಧ ಪುಟ ಮುಗಿದಿರುತ್ತದೆ, ಸಂಗತಿ ಮಾತ್ರ ಇನ್ನೂ ಬಂದಿರುವುದಿಲ್ಲ.

ಒಂದು ಮಳೆಗಾಲ ನಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು ಸೋರತೊಡಗಿತು. ಹೊಸದಾಗಿ ಬಂದಿದ್ದ ಎಸ್‌ಡಿಎ ಹುಡುಗಿ ಕರಡು ಬರೆದು ತಂದಳು: ‘ರೆಕಾರ್ಡ್ ರೂಮು ಸೋರುತ್ತಿದೆ. ಕಡತಗಳು ನೆನೆಯುತ್ತಿವೆ. ಬೇಗ ರಿಪೇರಿ ಮಾಡಿಸಿ.’

ಶಿರಸ್ತೇದಾರರು ಕನ್ನಡಕ ಹಣೆಗೇರಿಸಿದರು. “ಏನಮ್ಮಾ, ಸೋರುತ್ತಿದೆ ಅಂತ ಖಡಾಖಂಡಿತ ಬರೆದುಬಿಟ್ಟೆ. ಎಂಜಿನಿಯರು ನೋಡೋಕೆ ಬಂದ ದಿನ ಮಳೆಯೇ ಇಲ್ದಿದ್ರೆ?” ವಾಕ್ಯ ‘ಸೋರುತ್ತಿರುವುದು ಕಂಡುಬಂದಿರುತ್ತದೆ’ ಎಂದು ಬದಲಾಯಿತು. ಕಂಡವರು ಯಾರೆಂದು ಇನ್ನು ಯಾರೂ ಕೇಳುವಂತಿಲ್ಲ. ಸಾಹೇಬರ ಹಸಿರು ಇಂಕು ‘ಬೇಗ’ವನ್ನು ಹೊಡೆದುಹಾಕಿ ‘ನಿಯಮಾನುಸಾರ ಸೂಕ್ತ ಕ್ರಮ’ ಎಂದು ತಿದ್ದಿತು. ಒಳಗೆ ಬಕೆಟ್ಟು ತುಂಬುತ್ತಲೇ ಇತ್ತು.

ಈ ಕಾಟ ನಮ್ಮದಷ್ಟೇ ಅಲ್ಲ. 1940ರ ಆಗಸ್ಟ್ 9ರಂದು, ಜರ್ಮನ್ ವಿಮಾನಗಳು ಎರಗುತ್ತಿದ್ದ ದಿನಗಳಲ್ಲೇ, ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಬಿಡುವು ಮಾಡಿಕೊಂಡು ಒಂದು ಟಿಪ್ಪಣಿ ಕಳಿಸಿದರು: ವರದಿಗಳು ಚಿಕ್ಕದಾಗಿರಲಿ, ಅಂಕಿಅಂಶ ಅನುಬಂಧಕ್ಕೆ ಹೋಗಲಿ. ಅದಕ್ಕೂ ಯಾರೂ ಜಗ್ಗಲಿಲ್ಲವೋ ಏನೋ, 1948ರಲ್ಲಿ ಅಲ್ಲಿನ ಖಜಾನೆ ಇಲಾಖೆಯ ಕೋರಿಕೆಯಂತೆ ಅರ್ನೆಸ್ಟ್ ಗವರ್ಸ್ ‘ಪ್ಲೇನ್ ವರ್ಡ್ಸ್’ ಎಂಬ ಪುಸ್ತಕವನ್ನೇ ಬರೆದರು. ನಮ್ಮಲ್ಲಿ 1963ರ ರಾಜಭಾಷಾ ಅಧಿನಿಯಮ ಕನ್ನಡವನ್ನು ಕಚೇರಿಯೊಳಕ್ಕೆ ಕರೆಯಿತು. ಕನ್ನಡ ಬಂತು, ಇಂಗ್ಲಿಷಿನ ಹಳೇ ಕೋಟು ತೊಟ್ಟುಕೊಂಡೇ ಬಂತು.

ಫೇರ್ ಕಾಪಿ ರವಾನೆಗೆ ಹೋದದ್ದೇ ತಡ, ಶಿರಸ್ತೇದಾರರು ಲೋಕೋಪಯೋಗಿ ಇಲಾಖೆಯ ಎಇಇಗೆ ಫೋನ್ ಹಚ್ಚಿದರು. “ಸಾರ್, ನಮ್ ರೆಕಾರ್ಡ್ ರೂಮು ಸೋರ್ತಾ ಇದೆ. ಫೈಲೆಲ್ಲ ನೆನೀತಿದಾವೆ. ಬೇಗ ಯಾರನ್ನಾದ್ರೂ ಕಳ್ಸಿ.”

ಹುಡುಗಿ ತಲೆಯೆತ್ತಿ ನೋಡಿದಳು. ಮೂರೂ ಅವಳ ವಾಕ್ಯಗಳೇ.

“ಹಾಗಾದ್ರೆ ಆ ಲೆಟರ್ ಯಾಕೆ ಸಾರ್?”

“ಅದು ಎಂಜಿನಿಯರಿಗಲ್ಲಮ್ಮಾ, ಆಡಿಟ್‌ಗೆ.”

ಓದುವವರು ಯಾರೆಂದು ತಿಳಿದು ಬರೆಯಬೇಕು ಎಂದು ಬರವಣಿಗೆ ಕಲಿಸುವವರೆಲ್ಲ ಹೇಳುತ್ತಾರೆ. ನಮ್ಮ ಶಿರಸ್ತೇದಾರರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.